ಮುಚ್ಚಿಹೋಗುವ ಕೆಲಸವನ್ನು ನೋಡಿದವರು ಯಾರು?

ದಾವಣಗೆರೆಯ ಗುತ್ತಿಗೆದಾರ ಮಿತ್ರರೇ, ನಮಸ್ಕಾರ.

ಬೇರೆ ಓದುಗರಿಗೂ ತಿಳಿಯಲಿ ಅಂತ ನಿಮ್ಮ ಪತ್ರದಲ್ಲಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನೀವು ಬಹಳ ವರ್ಷಗಳಿಂದ ಮನೆ ಕಟ್ಟಿಸಿಕೊಡುತ್ತಿದ್ದೀರಿ. ಈ ಭಾಗದ ಅತ್ಯುತ್ತಮ ಬಿಲ್ಡರ್ ಪ್ರಶಸ್ತಿಗೆ ನಿಮ್ಮ ಹೆಸರು ಆಯ್ಕೆಯಾಗಿದೆ ಅಂತ ಒಂದು ದಿನ ಫೋನ್ ಬಂತು. ಹಿಂದೆಯೇ ಸಮಾರಂಭದ ಖರ್ಚಿಗೆ ದುಡ್ಡು ಕೇಳಿದರು. ನೀವು ಕಟ್ಟಿದ ಒಂದು ಮನೆಯನ್ನೂ ಅವರು ಬಂದು ನೋಡಿರಲಿಲ್ಲ. ನೀವು ಬೇಡ ಅಂದಿರಿ. ಪಕ್ಕದಲ್ಲಿದ್ದ ಮೇಸ್ತ್ರಿ, "ಅಣ್ಣಾ, ನಮ್ಮಂಥೋರಿಗೂ ಪ್ರಶಸ್ತಿ ಕೊಡ್ತಾರಾ?" ಎಂದು ಕೇಳಿದರು. ಅವರಿಗೆ ಏನು ಹೇಳಲಿ, ಈ ಪ್ರಾದೇಶಿಕ ಪ್ರಶಸ್ತಿಗಳಿಗೆ ನಿಜವಾಗಲೂ ಬೆಲೆ ಇದೆಯಾ ಎನ್ನುವುದು ನಿಮ್ಮ ಪ್ರಶ್ನೆ.

ನೀವು ಬೇಡ ಅಂದಿದ್ದು ಸರಿ. ಹಾಗಂತ ಎಲ್ಲ ಪ್ರಶಸ್ತಿಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕಟ್ಟಡದ ಕೆಲಸಕ್ಕೆ ಕೊಡುವ ಪ್ರಶಸ್ತಿಯನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ. ಕೆಲಸವನ್ನು ಯಾರು ನೋಡಿದರು, ಯಾವಾಗ ನೋಡಿದರು?

ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಮನೆ ಕಟ್ಟಿಸುವ ಓದುಗರಿಗಾಗಿ ಹೇಳುತ್ತೇನೆ. ಒಳ್ಳೆಯ ಕೆಲಸದ ಬಹುಪಾಲು ಮುಚ್ಚಿಹೋಗುತ್ತದೆ. ಫುಟಿಂಗ್‌ನ, ಅಂದರೆ ಪಾಯದ ತಳದ ಕಾಂಕ್ರೀಟಿನ, ಕಂಬಿಗೂ ಹೊರಗಿನ ಮಣ್ಣಿಗೂ ನಡುವೆ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಕಾಲಮ್‌ನ ಉದ್ದ ಕಂಬಿಗೆ 40. ಇದು ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 456 ಹೇಳುವ ಲೆಕ್ಕ. ಕಾಂಕ್ರೀಟ್ ಹಾಕಿದ ಮೇಲೆ, ಕಂಬಿಗೆ ಈ ಅಂತರ ಕೊಡುವ ಕವರ್ ಬ್ಲಾಕ್ ಇಟ್ಟಿದ್ದರೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕ್ಯೂರಿಂಗ್ ಕೂಡ ಹಾಗೆಯೇ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ನೀರು ಹಾಕಬೇಕು. ಈಗ ಮನೆಗಳಿಗೆ ಜಾಸ್ತಿ ಬಳಸುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ ಬೇಕು. ನಿಮ್ಮ ಊರಿನ ಬೇಸಿಗೆಯಂಥ ಒಣ ಬಿಸಿಲಲ್ಲಿ ಅದು 14 ದಿನ ಆಗುತ್ತದೆ. ಮೂರೇ ದಿನ ನೀರು ಹಾಕಿ ಬಿಟ್ಟ ಸ್ಲ್ಯಾಬ್ ಕೂಡ ಗೃಹಪ್ರವೇಶದ ದಿನ ಚೆನ್ನಾಗೇ ಕಾಣುತ್ತದೆ, ಅಲ್ವಾ?

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದನ್ನು ನಾವು ಯಾರೂ ಮರೆತಿಲ್ಲ. ಅಂಥ ದುರಂತ ಕಂಡ ನಾಡಿನಲ್ಲಿ ಹೊರಗಿನ ಎಲಿವೇಶನ್ ಮತ್ತು ಬಣ್ಣದ ಫೋಟೋ ನೋಡಿ ಬಹುಮಾನ ಹಂಚಿದರೆ ನನಗೆ ಸಿಟ್ಟು ಬರುತ್ತದೆ.

ಇದಕ್ಕಿಂತ ಬೇರೆ ದಾರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಟ್ಟಡದ ಕೆಲಸವನ್ನು ಹಂತಹಂತವಾಗಿ ಪರಿಶೀಲಿಸುವ ತಂಡಗಳು ಸ್ಥಳೀಯ ಆಡಳಿತಗಳಲ್ಲಿವೆ. ಪಾಯ ಅಗೆದಾಗ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಚರಂಡಿ ಪೈಪು ಹಾಕಿ ಮಣ್ಣು ಮುಚ್ಚುವ ಮೊದಲು ನೋಡುತ್ತಾರೆ. ಕೊನೆಗೆ ಕೆಲಸ ಮುಗಿದಾಗಲೂ ನೋಡುತ್ತಾರೆ. ಈ ತಂಡಗಳ ಒಕ್ಕೂಟಕ್ಕೆ ಎಲ್‌ಎಬಿಸಿ ಎಂದು ಹೆಸರು. ಅದು ಪ್ರದೇಶವಾರು ಪ್ರಶಸ್ತಿಗಳನ್ನು ಕೊಡುತ್ತದೆ. ಪ್ರದೇಶದಲ್ಲಿ ಗೆದ್ದವರು ಆಮೇಲೆ ಲಂಡನ್ನಿನ ರಾಷ್ಟ್ರಮಟ್ಟದ ಸುತ್ತಿಗೆ ಹೋಗುತ್ತಾರೆ. ನನಗೆ ಇಷ್ಟವಾಗುವುದು ಅದರ ಬುಡ. ಪಾಯ ತೆರೆದಿದ್ದಾಗ ಬಂದು ನೋಡಿದ ತಂಡದವರೇ ಒಳ್ಳೆಯ ಕೆಲಸವನ್ನು ಗುರುತಿಸಿ ಹೆಸರು ಕಳಿಸುತ್ತಾರೆ. ದೊಡ್ಡ ಆಸ್ಪತ್ರೆ, ಅಪಾರ್ಟ್‌ಮೆಂಟ್‌ಗಳ ಜೊತೆಗೆ ಮನೆಗೆ ಒಂದು ಕೋಣೆ ಸೇರಿಸಿ ಕಟ್ಟಿದವರಿಗೂ ಅಲ್ಲಿ ಜಾಗವಿದೆ. ಸ್ಥಳೀಯ ಬಿಲ್ಡರ್ ಅಥವಾ ಸಾಂಪ್ರದಾಯಿಕ ಕುಶಲಕರ್ಮಿಗೆ ಅಂತಲೇ ಒಂದು ವಿಭಾಗ ಇಟ್ಟಿದ್ದೂ ಉಂಟು.

ಅಲ್ಲಿ ಎಲ್ಲವೂ ಸರಿಯಿದೆ ಅಂತ ನಾನು ಹೇಳುವುದಿಲ್ಲ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತರು. ಕಟ್ಟಡ ಪರಿಶೀಲನೆಯ ಮೇಲೂ ಗಂಭೀರ ಟೀಕೆ ಬಂತು. 2022ರಲ್ಲಿ ಹೊಸ ಕಟ್ಟಡ ಸುರಕ್ಷತಾ ಕಾಯಿದೆ ಬಂತು, ಇನ್‌ಸ್ಪೆಕ್ಟರ್‌ಗಳೂ ನೋಂದಣಿ ಮಾಡಿಸಲೇಬೇಕಾಯಿತು. ಪರಿಶೀಲನೆ ಸಡಿಲವಾದರೆ ಅದರ ಮೇಲೆ ನಿಂತ ಪ್ರಶಸ್ತಿಯೂ ಸಡಿಲವೇ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 1982ರಲ್ಲಿ ಶುರುವಾದ, ಚೆನ್ನೈನಲ್ಲಿ ಮುಖ್ಯ ಕಚೇರಿ ಇರುವ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ಗೆ ಊರೂರಲ್ಲಿ ಕೇಂದ್ರಗಳಿವೆ. ಅದರ ಬೆಂಗಳೂರು ಕೇಂದ್ರ ಕರ್ನಾಟಕದ ಉತ್ತಮ ಕಾಂಕ್ರೀಟ್ ಕಟ್ಟಡಗಳನ್ನು ಆರಿಸಿ ಗೌರವಿಸುತ್ತ ಬಂದಿದೆ. ಎಂಜಿನಿಯರ್‌ಗಳು ಎಂಜಿನಿಯರ್‌ಗಳ ಕೆಲಸವನ್ನು ತೂಗುವ ಇಂಥ ಪ್ರಶಸ್ತಿಗೆ ನಾನು ಬೆಲೆ ಕೊಡುತ್ತೇನೆ. ಆದರೆ 30-40 ಅಡಿ ಸೈಟಿನಲ್ಲಿ ಮನೆ ಕಟ್ಟುವ ನಿಮ್ಮಂಥವರ ಕೆಲಸ ನೋಡುವವರು ಯಾರು? ಜಿಲ್ಲಾ ಮಟ್ಟದಲ್ಲಿ ಅದು ಆಗಬೇಕು. ಪಾಲಿಕೆಯ ಎಂಜಿನಿಯರ್, ಊರಿನ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು, ಅನುಭವಿ ಮೇಸ್ತ್ರಿ ಒಬ್ಬರು ಸೇರಿ, ಕಂಬಿ ಕಟ್ಟಿದ ಹೊತ್ತಿಗೆ ಹೇಳದೆ ಬಂದು ನೋಡಲಿ. ದಾವಣಗೆರೆಯಲ್ಲಿ ಇದಕ್ಕೆ ಬೇಕಾದ ಜನ ಇದ್ದಾರೆ.

ಇನ್ನು ನಿಮ್ಮ ಮೇಸ್ತ್ರಿಯ ಪ್ರಶ್ನೆ. ಕೊಡ್ತಾರೆ ಅಂತ ಧೈರ್ಯವಾಗಿ ಹೇಳಿ. 1977ರಲ್ಲಿ ಶುರುವಾದ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಜಗತ್ತಿನ ದೊಡ್ಡ ಪ್ರಶಸ್ತಿಗಳಲ್ಲಿ ಒಂದು. ಈಗ ಅದರ ಮೊತ್ತ 10 ಲಕ್ಷ ಡಾಲರ್. ಅದನ್ನು ವಾಸ್ತುಶಿಲ್ಪಿಯ ಜೊತೆಗೆ ಕಟ್ಟಿಸಿದವರಿಗೆ, ಎಂಜಿನಿಯರಿಗೆ, ಕುಶಲಕರ್ಮಿಗಳಿಗೆ ಹಂಚುವ ಪದ್ಧತಿ ಇದೆ. 1980ರ ಮೊದಲ ಸುತ್ತಿನಲ್ಲೇ ಈಜಿಪ್ಟಿನ ಹಲಾವಾ ಮನೆಗಾಗಿ ವಾಸ್ತುಶಿಲ್ಪಿಯ ಜೊತೆ ಮೇಸ್ತ್ರಿ ಅಲಾದೀನ್ ಮುಸ್ತಫಾ ಅವರ ಹೆಸರೂ ಇತ್ತು. 1983ರಲ್ಲಿ ಮಾಲಿ ದೇಶದ ನಿಯೋನೋ ಊರಿನ ಮಣ್ಣಿನ ಮಸೀದಿ ಗೆದ್ದಿತು. ಅದನ್ನು ಕಟ್ಟಿದವರು ಲಾಸಿನೆ ಮಿಂತಾ. ಅವರು ಮೇಸ್ತ್ರಿ. ಮೂರು ವರ್ಷದ ಮೇಲೆ ನೈಜರ್ ದೇಶದ ಯಾಮಾ ಮಸೀದಿಯನ್ನು ಕಟ್ಟಿದ ಮೇಸ್ತ್ರಿ ಫಾಲ್ಕೆ ಬಾರ್ಮೂ ಅವರಿಗೆ ಬಂತು. ಈ ಹೆಸರುಗಳನ್ನು ನಿಮ್ಮ ಮೇಸ್ತ್ರಿಗೆ ಓದಿ ಹೇಳಿ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಕೆಲಸಗಾರರನ್ನು ಹೇಗೆ ನೋಡಿಕೊಂಡಿರಿ ಎಂದು ಕೇಳದ ಪ್ರಶಸ್ತಿ ನನಗೆ ಪ್ರಶಸ್ತಿಯೇ ಅಲ್ಲ. ನಮ್ಮಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಸೈಟಿನಲ್ಲಿ ಎಷ್ಟು ಜನರ ಬಳಿ ಆ ಕಾರ್ಡ್ ಇದೆ, ಹೆಲ್ಮೆಟ್ ಇದೆಯಾ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯಾ ಎಂದು ತೀರ್ಪುಗಾರರು ಮೊದಲು ಕೇಳಬೇಕು. ನಿಮ್ಮ ಕಡೆಯವರಿಗೆ ಕಾರ್ಡ್ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. 90 ದಿನದ ಪ್ರಮಾಣಪತ್ರಕ್ಕೆ ನಿಮ್ಮ ಸಹಿ ಸಾಕಾಗಬಹುದು, ಹಿಂದೆಮುಂದೆ ನೋಡಬೇಡಿ.

ಮುಂದಿನ ಮನೆಯಿಂದಲೇ ಒಂದು ಫೈಲು ಶುರು ಮಾಡಿ. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟಿಗೆ ಮೊದಲು, ಟೇಪು ಹಿಡಿದು ಫೋಟೋ ತೆಗೆಸಿ. ಕಾಂಕ್ರೀಟಿನ ಬಲ ಅಳೆಯುವ 28 ದಿನದ ಕ್ಯೂಬ್ ಟೆಸ್ಟ್ ವರದಿ ಸೇರಿಸಿ. ಯಾವ ದಿನ ಕಾಂಕ್ರೀಟ್ ಹಾಕಿದಿರಿ, ಎಲ್ಲಿಯವರೆಗೆ ನೀರು ಹಾಕಿದಿರಿ ಎಂದು ಬರೆದಿಡಿ. ಮನೆ ಯಜಮಾನರಿಗೂ ಒಂದು ಪ್ರತಿ ಕೊಡಿ, ನಾಳೆ ಗೋಡೆ ಕೊರೆಯುವಾಗ ಅವರಿಗೇ ಬೇಕಾಗುತ್ತದೆ. ಸೈಟಿಗೆ ಬಂದು ನೋಡುತ್ತೇವೆ ಎನ್ನುವ ಪ್ರಶಸ್ತಿ ಕಂಡರೆ ಆ ಫೈಲಿನ ಸಮೇತ ಅರ್ಜಿ ಹಾಕಿ. ಅರ್ಜಿಯಲ್ಲಿ ಮೇಸ್ತ್ರಿಯ, ಕಂಬಿ ಕಟ್ಟಿದವರ, ಸೆಂಟ್ರಿಂಗ್‌ನವರ ಪೂರ್ತಿ ಹೆಸರು ಬರೆಯಿರಿ. ಜಾಗ ಇಲ್ಲದಿದ್ದರೆ ಇನ್ನೊಂದು ಹಾಳೆ ಲಗತ್ತಿಸಿ.

– ಸಂಪಾದಕ