ರಾಜಿ ಆಯ್ತು, ಹಣ ಬಂತು, ಚೆಕ್ ಮಾತ್ರ ಇನ್ನೂ ಇಲ್ಲ

ನೀವು ಕೇಳಿದ್ದು ಇಷ್ಟು: ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಿಗ್ನಲ್‌ಗೆ ನಿಂತಿದ್ದ ನಿಮ್ಮ ಕಾರಿಗೆ ಹಿಂದಿನಿಂದ ಗುದ್ದಿದರು. 60,000 ಡಾಲರಿಗೆ ರಾಜಿಯಾಯಿತು. ಹಣ ವಕೀಲರ ಟ್ರಸ್ಟ್ ಖಾತೆಗೆ (ಕಕ್ಷಿದಾರರ ಹಣ ಇಡುವ ಖಾತೆ) ಬಂದಿದೆ, ಆದರೆ "ಮೆಡಿಕಲ್ ಲೀನ್ (ಚಿಕಿತ್ಸೆಯ ಖರ್ಚಿಗಾಗಿ ಈ ಹಣದ ಮೇಲಿರುವ ಹಕ್ಕು) ಬಗೆಹರಿಯಲಿ" ಅಂತಲೇ ದಿನ ದೂಡುತ್ತಿದ್ದಾರೆ. ಇದು ಮೋಸವಾ?

ಹಾಗಂತ ಈಗಲೇ ಅಂದುಕೊಳ್ಳಬೇಡಿ. ಊರಲ್ಲಿ ಎಫ್‌ಡಿ ಮೇಲೆ ಸಾಲ ತೆಗೆದರೆ ಬ್ಯಾಂಕಿನವರು ಲೀನ್ ಹಾಕುತ್ತಾರಲ್ಲ, ಇದೂ ಹೆಚ್ಚುಕಡಿಮೆ ಅಂಥದ್ದೇ. ನಿಮ್ಮ ಚಿಕಿತ್ಸೆಗೆ ಹೆಲ್ತ್ ಇನ್ಶೂರೆನ್ಸ್ ದುಡ್ಡು ಕಟ್ಟಿತ್ತು. ಈಗ ಗುದ್ದಿದವರ ಕಡೆಯಿಂದ ನಿಮಗೆ ಹಣ ಬಂದಿದೆ, ನಮ್ಮದು ವಾಪಸ್ ಕೊಡಿ ಅಂತ ಇನ್ಶೂರೆನ್ಸಿನವರು ಅನ್ನುತ್ತಿದ್ದಾರೆ. ಅದು ಗೊತ್ತಿದ್ದೂ ವಕೀಲರು ಪೂರ್ತಿ ಹಣ ನಿಮಗೆ ಕೊಡುವ ಹಾಗಿಲ್ಲ. ಆದರೆ ತಕರಾರಿಲ್ಲದ ಭಾಗವನ್ನು ಹಿಡಿದಿಟ್ಟುಕೊಳ್ಳಬೇಕಿಲ್ಲ. ಅದನ್ನು ಮೊದಲು ಕೊಡಿ ಅಂತ ಇವತ್ತೇ ಇಮೇಲ್ ಮಾಡಿ.

ಆಮೇಲೆ ಎಚ್‌ಆರ್‌ಗೆ ಒಂದು ಪ್ರಶ್ನೆ ಕೇಳಿ: ನಮ್ಮ ಹೆಲ್ತ್ ಪ್ಲಾನ್ ಸೆಲ್ಫ್ ಫಂಡೆಡ್ಡಾ, ಅಂದರೆ ಬಿಲ್ ಕಟ್ಟುವುದು ಕಂಪನಿಯ ಸ್ವಂತ ದುಡ್ಡಿನಿಂದಲಾ? ಎಲ್ಲವೂ ನಿಂತಿರುವುದು ಇದರ ಮೇಲೆ. ಕಾರ್ಡಿನಲ್ಲಿ ಇನ್ಶೂರೆನ್ಸ್ ಕಂಪನಿ ಹೆಸರು ಇರುತ್ತದೆ, ಆದರೆ ದೊಡ್ಡ ಕಂಪನಿಗಳಲ್ಲಿ ಬಿಲ್ ಕಟ್ಟುವುದು ಎಷ್ಟೋ ಸಲ ಕೆಲಸ ಕೊಟ್ಟವರ ದುಡ್ಡೇ.

ಸೆಲ್ಫ್ ಫಂಡೆಡ್ ಅಲ್ಲದ ಪ್ಲಾನ್ ಆದರೆ ಕ್ಯಾಲಿಫೋರ್ನಿಯಾದ ಕಾನೂನು ನಿಮ್ಮ ಕಡೆಗಿದೆ. ವಕೀಲರನ್ನು ಇಟ್ಟುಕೊಂಡಿದ್ದರೆ ಲೀನ್ ರಾಜಿ ಹಣದ ಮೂರನೇ ಒಂದು ಭಾಗ ಮೀರುವಂತಿಲ್ಲ. ವಕೀಲರ ಫೀಯಲ್ಲಿ ತಮ್ಮ ಪಾಲನ್ನೂ ಇನ್ಶೂರೆನ್ಸಿನವರು ಹೊರಬೇಕು. ಇನ್ಶೂರೆನ್ಸ್ 18,000 ಕಟ್ಟಿದೆ, ಫೀ ಮೂರನೇ ಒಂದು ಅಂತಿಟ್ಟುಕೊಳ್ಳಿ. ಅವರಿಗೆ ಸಿಗುವುದು 12,000. ನಿಮ್ಮ ಕೈಗೆ 22,000 ಬದಲು 28,000 ಬರುತ್ತದೆ, ಕೇಸಿನ ಖರ್ಚು ಬೇರೆ.

ಸೆಲ್ಫ್ ಫಂಡೆಡ್ ಆದರೆ ಎರಿಸಾ ಎಂಬ, ಕೆಲಸ ಕೊಟ್ಟವರ ಪ್ಲಾನ್‌ಗಳಿಗಿರುವ ಅಮೆರಿಕದ ಕೇಂದ್ರ ಕಾನೂನು ಬರುತ್ತದೆ, ರಾಜ್ಯದ ಈ ಮಿತಿ ನಡೆಯಲ್ಲ. ಪ್ಲಾನಿನಲ್ಲಿ ಬರೆದದ್ದೇ ಲೆಕ್ಕ. ಯುಎಸ್ ಏರ್‌ವೇಸ್ ಎಂಬ ವಿಮಾನ ಕಂಪನಿಯ ನೌಕರ ಮೆಕಚನ್ ಅವರ ಕೇಸು ನೋಡಿ. ಅಪಘಾತದ ಪರಿಹಾರವಾಗಿ ಸಿಕ್ಕಿದ್ದು 1,10,000 ಡಾಲರ್, ವಕೀಲರ ಪಾಲು ಹೋಗಿ ಉಳಿದದ್ದು 66,000. ಪ್ಲಾನ್ ಕೇಳಿದ್ದು 66,866! ಸುಪ್ರೀಂ ಕೋರ್ಟ್ 2013ರಲ್ಲಿ ಪ್ಲಾನಿನ ಮಾತೇ ನಡೆಯುತ್ತದೆ ಎಂದಿತು, ಆದರೆ ವಕೀಲರ ಫೀ ಬಗ್ಗೆ ಪ್ಲಾನಿನಲ್ಲಿ ಏನೂ ಬರೆದಿಲ್ಲದಿದ್ದರೆ ಪ್ಲಾನೂ ಫೀಯ ಪಾಲು ಹೊರಬೇಕು ಎಂದಿತು. ಅದಕ್ಕೇ ಪ್ಲಾನ್ ದಾಖಲೆಯನ್ನೇ ತರಿಸಿ ಓದಬೇಕು. ಲಿಖಿತವಾಗಿ ಕೇಳಿದರೆ 30 ದಿನದೊಳಗೆ ಕೊಡಲೇಬೇಕು. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ.

ಇನ್ನೊಂದು ಮಾತು. ವರ್ಷಗಳ ಹಿಂದೆ ನನ್ನ ಹೆಂಡತಿಗೆ ಇಂಥದ್ದೇ ಆಗಿತ್ತು. "ಈ ಚಿಕಿತ್ಸೆ ಅಪಘಾತದಿಂದಲಾ?" ಅಂತ ಇನ್ಶೂರೆನ್ಸಿನವರಿಂದ ಮೊದಲೇ ಪತ್ರ ಬಂದಿತ್ತು. ಜಾಹೀರಾತು ಅಂದುಕೊಂಡು ಬದಿಗಿಟ್ಟಿದ್ದೆ. ಅದರಿಂದಲೇ ಮೂರು ತಿಂಗಳು ತಡವಾಯಿತು, ಈಗಲೂ ಬೇಜಾರಿದೆ. ಕೊನೆಗೆ ಅವರ ಲೆಕ್ಕದ ಪಟ್ಟಿ ತರಿಸಿ ಸಾಲು ಸಾಲು ನೋಡಿದೆವು. ಅವಳ ಥೈರಾಯ್ಡ್ ರಕ್ತಪರೀಕ್ಷೆ, ಕಣ್ಣಿನ ಡಾಕ್ಟರ ಬಿಲ್ ಎಲ್ಲ ಅದರೊಳಗೆ ಸೇರಿದ್ದವು. ತೋರಿಸಿದ ಮೇಲೆ ತೆಗೆದರು. ನಿಮ್ಮ ಪಟ್ಟಿಯನ್ನೂ ಹಾಗೇ ನೋಡಿ, ವಕೀಲರಿಗೇ ಬಿಡಬೇಡಿ. ನಿಮ್ಮ ಮೈಗೆ ಏನಾಗಿತ್ತು ಅಂತ ಗೊತ್ತಿರುವುದು ನಿಮಗೆ ತಾನೇ.

ಕೈರೊಪ್ರಾಕ್ಟರ್ (ಬೆನ್ನು, ಕುತ್ತಿಗೆ ನೋವಿಗೆ ಕೈಯಿಂದ ಚಿಕಿತ್ಸೆ ಮಾಡುವವರು) ಹತ್ತಿರ "ಕೇಸು ಮುಗಿದ ಮೇಲೆ ಕೊಡ್ತೀನಿ" ಅಂತ ಸಹಿ ಹಾಕಿದ್ದೀರಾ? ಅದೂ ಲೀನೇ. ಚೌಕಾಸಿಗೆ ಅಲ್ಲಿ ಜಾಸ್ತಿ ಜಾಗ ಇರುತ್ತದೆ.

ಎಲ್ಲ ಮುಗಿದ ಮೇಲೆ ಪ್ರತಿಯೊಬ್ಬರಿಂದಲೂ "ಬಾಕಿ ಏನೂ ಇಲ್ಲ" ಅಂತ ಪತ್ರ ತೆಗೆದುಕೊಂಡು ಜೋಪಾನವಾಗಿಡಿ. ಎಚ್‌ಆರ್ ಏನಂದರು ಅಂತ ನನಗೆ ಬರೆಯಿರಿ. ಪ್ಲಾನ್ ದಾಖಲೆ ಬಂದರೆ ಒಟ್ಟಿಗೇ ಕೂತು ಓದೋಣ.