ನಾನು ಕೂಡಿಟ್ಟ 300 ಗಣಿತ ವರ್ಕ್‌ಶೀಟ್‌ಗಳಲ್ಲಿ ಯಾವುದು ಯಾವ ಕಲಿಕಾ ಫಲಕ್ಕೆ (ಮಗು ಏನು ಕಲಿತಿರಬೇಕು ಎಂಬ ಗುರಿಗೆ) ಸೇರುತ್ತದೆ ಎಂದು ಕಂಪ್ಯೂಟರ್ ಹೇಳಬಲ್ಲದೇ? (ಬಾಗಲಕೋಟೆಯ ಶಿಕ್ಷಕರೊಬ್ಬರ ಪ್ರಶ್ನೆ)

ಹೇಳಬಲ್ಲದು ಸರ್. ಆದರೆ ಕೊನೆಯ ಮಾತು ನಿಮ್ಮದೇ ಇರಲಿ.

ಸುಮ್ನೆ ಪದ ಹುಡುಕಿದರೆ ಕೆಲಸ ಆಗುವುದಿಲ್ಲ. ಕಲಿಕಾ ಫಲದಲ್ಲಿ ‘ಭಿನ್ನರಾಶಿಗಳನ್ನು ಹೋಲಿಸುತ್ತಾರೆ’ ಎಂದಿರುತ್ತದೆ. ನಿಮ್ಮ ಹಾಳೆಯಲ್ಲಿ ‘ಅವ್ವ ಅರ್ಧ ಜೋಳದ ರೊಟ್ಟಿ ಕೊಟ್ಟಳು, ಅಜ್ಜಿ ಮುಕ್ಕಾಲು ಕೊಟ್ಟಳು, ಯಾರು ಜಾಸ್ತಿ ಕೊಟ್ಟರು?’ ಎಂದಿರುತ್ತದೆ. ಎರಡರಲ್ಲೂ ಒಂದೇ ಒಂದು ಪದ ಸಮ ಇಲ್ಲ, ಅಲ್ವಾ? ಅದಕ್ಕೇ ಎಂಬೆಡಿಂಗ್ ಬೇಕು. ಅದು ಪ್ರತಿ ವಾಕ್ಯವನ್ನು ಸಂಖ್ಯೆಗಳ ಸಾಲಾಗಿ ಮಾಡುತ್ತದೆ. ಅರ್ಥ ಹತ್ತಿರವಿದ್ದರೆ ಸಂಖ್ಯೆಗಳೂ ಹತ್ತಿರ ಬರುತ್ತವೆ. ಈ ಕೆಲಸ ಮಾಡುವ ಕಂಪ್ಯೂಟರ್ ಪ್ರೋಗ್ರಾಮನ್ನು ಮಾದರಿ ಎನ್ನುತ್ತಾರೆ. ಗೂಗಲ್‌ನ ಲಾಬ್ಸೆ (LaBSE), ಮುರಿಲ್ (MuRIL) ಮಾದರಿಗಳಿಗೆ ಕನ್ನಡ ಗೊತ್ತು, ಎರಡೂ ಉಚಿತ. ವಾಕ್ಯ ಹೋಲಿಸಲು ಲಾಬ್ಸೆಯಿಂದ ಶುರು ಮಾಡಿ.

ಮೊದಲು ಒಂದು ಬೇಸರದ ಕೆಲಸ ಇದೆ. ಹಳೆಯ ನುಡಿ, ಬರಹ ಫಾಂಟ್‌ನ ಫೈಲ್‌ಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಇಲ್ಲದಿದ್ದರೆ ಮಾದರಿಗೆ ಅದು ಕನ್ನಡವಾಗಿ ಕಾಣುವುದೇ ಇಲ್ಲ. ಬಹಳ ಜನ ಎಡವುವುದು ಇಲ್ಲೇ.

ಶಾಲಾ ಪಠ್ಯ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ತರಗತಿವಾರು ಕಲಿಕಾ ಫಲಗಳ ಪಟ್ಟಿ ತಂದಿತು. ಅಂಥ ಪಟ್ಟಿಯ ಒಂದೊಂದು ವಾಕ್ಯವನ್ನೂ ಬೇರೆ ಸಾಲಿನಲ್ಲಿಡಿ. ಮಾದರಿ ಪ್ರತಿ ಹಾಳೆಯನ್ನೂ ಆ ಸಾಲುಗಳ ಜೊತೆ ಹೋಲಿಸುತ್ತದೆ. ಪ್ರತಿ ಹಾಳೆಗೆ ಒಂದೇ ಉತ್ತರ ಕೇಳಬೇಡಿ, ಹತ್ತಿರದ ಮೂರು ಕೇಳಿ.

ಮಾದರಿ ತಪ್ಪುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ‘ಗುರುತಿಸುತ್ತಾರೆ’ ಮತ್ತು ‘ವಿವರಿಸುತ್ತಾರೆ’ ಅದಕ್ಕೆ ಹೆಚ್ಚು ಕಡಿಮೆ ಒಂದೇ. ಮಗುವಿಗೆ ಅವೆರಡರ ನಡುವೆ ಎಷ್ಟು ದೂರ ಇದೆ ಎಂದು ನಿಮಗೇ ಗೊತ್ತು. ಹಾಗಾಗಿ 30 ಹಾಳೆಗಳನ್ನು ಮೊದಲು ನೀವೇ ಕೈಯಾರೆ ಹೊಂದಿಸಿ, ಆಮೇಲೆ ಯಂತ್ರದ ಉತ್ತರದ ಜೊತೆ ಇಟ್ಟು ನೋಡಿ.