ಜೆಮ್‌ಸಿಟಬಿನ್‌ಗೆ ಬಗ್ಗದ ಕೋಶ: ಐಸಿ50 ಯಾಕೆ ಹೊಯ್ದಾಡುತ್ತದೆ?

ಪ್ರಶ್ನೆ: ನ್ಯೂಕ್ಲಿಯೊಸೈಡ್ (ಡಿಎನ್‌ಎ ಕಟ್ಟುವ ಮೂಲವಸ್ತು) ಹೋಲುವ ಕೆಲವು ಹೊಸ ಸಂಯುಕ್ತಗಳನ್ನು ತಯಾರಿಸಿದ್ದೇವೆ. ಎ549 ಶ್ವಾಸಕೋಶ ಕ್ಯಾನ್ಸರ್ ಕೋಶಗಳ ಮೇಲೂ, ಅದರಿಂದಲೇ ಬೆಳೆಸಿದ ಜೆಮ್‌ಸಿಟಬಿನ್ (ಅದೇ ಬಗೆಯ ಕ್ಯಾನ್ಸರ್ ಔಷಧ) ನಿರೋಧಕ ತಳಿಯ ಮೇಲೂ 24 ಗಂಟೆಯ ಎಂಟಿಟಿ ಪರೀಕ್ಷೆ (ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವುದು) ಮಾಡುತ್ತಿದ್ದೇವೆ. ಐಸಿ50 (ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಪ್ರಮಾಣ) ಪ್ರತಿ ಸಲ ಬೇರೆಯೇ ಬರುತ್ತದೆ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: 24 ಗಂಟೆ ಸಾಲದು. ಇಂಥ ಸಂಯುಕ್ತಗಳು ಹೆಚ್ಚಾಗಿ ಡಿಎನ್‌ಎ ನಕಲಾಗುವ ಹಂತದಲ್ಲೇ ಕೋಶವನ್ನು ಹಿಡಿಯುತ್ತವೆ. ಎ549 ದ್ವಿಗುಣವಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿ 72 ಗಂಟೆ ಬಿಡಿ. 96 ವೆಲ್ (ಗುಳಿ) ಪ್ಲೇಟಿನಲ್ಲಿ ವೆಲ್‌ಗೆ 2,000–3,000 ಕೋಶ ಸಾಕು. 10,000 ಹಾಕಿದರೆ ಔಷಧವಿಲ್ಲದ ವೆಲ್‌ಗಳು ಮೂರನೇ ದಿನಕ್ಕೆ ಮೊದಲೇ ತುಂಬಿ ಬೆಳವಣಿಗೆ ನಿಲ್ಲುತ್ತದೆ, ವ್ಯತ್ಯಾಸವೂ ಮಾಸುತ್ತದೆ. ಅಂಚಿನ 36 ವೆಲ್‌ಗಳಲ್ಲಿ ದ್ರವ ಆವಿಯಾಗುವುದು ಹೆಚ್ಚು. ಅಲ್ಲಿ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಮಾತ್ರ ಹಾಕಿ. ಸಂಯುಕ್ತವನ್ನು ಕರಗಿಸುವ ಡಿಎಂಎಸ್‌ಒ ಎಲ್ಲ ವೆಲ್‌ಗಳಲ್ಲೂ ಒಂದೇ ಪ್ರಮಾಣದಲ್ಲಿರಲಿ, 0.1% ಆದರೆ ಒಳ್ಳೆಯದು.

ಇಷ್ಟಾದರೂ ಅಂಕಿ ನಿಲ್ಲದಿದ್ದರೆ ನಮ್ಮ ಮೊದಲ ಅನುಮಾನ ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ ಮೇಲೆ. ಬೇರೆ ಔಷಧಗಳ ಪರೀಕ್ಷೆಯನ್ನೂ ಅದು ಕೆಡಿಸುತ್ತದೆ, ಆದರೆ ನ್ಯೂಕ್ಲಿಯೊಸೈಡ್‌ಗಳನ್ನು ನೇರವಾಗಿ ತಿಂದೇ ಹಾಕುತ್ತದೆ: ಮೈಕೊಪ್ಲಾಸ್ಮಾ ಹಯೊರೈನಿಸ್‌ನ ಸಿಟಿಡಿನ್ ಡಿಅಮಿನೇಸ್ ಎಂಬ ಕಿಣ್ವ ಜೆಮ್‌ಸಿಟಬಿನ್ ಅನ್ನು ನಿಷ್ಕ್ರಿಯಗೊಳಿಸುತ್ತದೆ. ಸೋಂಕು ತಗುಲಿದ ಸಾಮಾನ್ಯ ಕೋಶವೂ ಆಗ ನಿರೋಧಕದಂತೆ ಕಾಣುತ್ತದೆ. ಮೀಡಿಯಂ (ಕೋಶ ಬೆಳೆಸುವ ದ್ರವ) ಮೋಡಗಟ್ಟುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ಪಿಸಿಆರ್ ಮಾಡಿಯೇ ತಿಳಿಯಬೇಕು. ಮೀಡಿಯಂನ ಲೇಬಲ್ಲನ್ನೂ ಓದಿ. ಆಲ್ಫಾ-ಎಂಇಎಂನ ಕೆಲವು ಬಗೆಗಳಲ್ಲಿ ಡಿಆಕ್ಸಿಸಿಟಿಡಿನ್ ಎಂಬ ಸಹಜ ನ್ಯೂಕ್ಲಿಯೊಸೈಡ್ ಇರುತ್ತದೆ, ಅದು ನಿಮ್ಮ ಸಂಯುಕ್ತದ ಜೊತೆ ಪೈಪೋಟಿಗಿಳಿಯುತ್ತದೆ. ನಿರೋಧಕ ತಳಿಯನ್ನು ಜೆಮ್‌ಸಿಟಬಿನ್‌ನಲ್ಲೇ ಸಾಕುತ್ತಿದ್ದರೆ ಪರೀಕ್ಷೆಗೆ ಮುನ್ನ ಸುಮಾರು ಒಂದು ವಾರ ಔಷಧವಿಲ್ಲದೆ ಬೆಳೆಸಿ.

ನಿರೋಧಕ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಲ್ಲ. ಔಷಧವನ್ನು ಒಳಗೆ ಬಿಡುವ ಎಚ್‌ಇಎನ್‌ಟಿ1 ಎಂಬ ಸಾಗಣೆ ಪ್ರೋಟೀನು ಕಡಿಮೆಯಾಗಿದೆಯೇ? ಔಷಧ ಸಕ್ರಿಯವಾಗಲು ಮೊದಲ ಫಾಸ್ಫೇಟ್ ಕೂಡಿಸುವ ಡಿಆಕ್ಸಿಸಿಟಿಡಿನ್ ಕೈನೇಸ್ ಕಿಣ್ವ ಹೋಗಿದೆಯೇ? ಡಿಅಮಿನೇಸ್ ಅಥವಾ ಆರ್‌ಆರ್‌ಎಂ1 (ಡಿಎನ್‌ಎಯ ಮೂಲವಸ್ತು ತಯಾರಿಸುವ ಕಿಣ್ವದ ಭಾಗ) ಹೆಚ್ಚಿದೆಯೇ? ಪ್ರೋಟೀನಿನ ಪ್ರಮಾಣ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಈ ನಾಲ್ಕನ್ನೂ ಮೂಲ ತಳಿಯ ಪಕ್ಕದಲ್ಲಿಟ್ಟು ನೋಡಿ. ಕೈನೇಸ್ ಇಲ್ಲದ ತಳಿಯ ಮೇಲೆ, ಅದೇ ಕೈನೇಸ್ ಬೇಕಾದ ಸಂಯುಕ್ತವನ್ನು ಎಷ್ಟು ಸುರಿದರೂ ದಂಡ.

ನಿಮ್ಮ ಸಂಯುಕ್ತ ಯಾವ ದಾರಿ ಹಿಡಿಯುತ್ತದೆ ಎಂದು ತಿಳಿಯಲು ಮೂಲ ತಳಿಯಲ್ಲೇ ಅಗ್ಗದ ಉಪಾಯವಿದೆ. ಜೊತೆಗೆ ಸಾಗಣೆಯನ್ನು ತಡೆಯುವ ಡಿಪಿರಿಡಮೋಲ್ 10 ಮೈಕ್ರೊಮೋಲಾರ್ ಹಾಕಿದಾಗ ಪರಿಣಾಮ ಕುಗ್ಗಿದರೆ, ಅದು ಒಳಹೋಗುವುದು ಸಾಗಣೆ ಪ್ರೋಟೀನಿನ ಮೂಲಕ. 100 ಮೈಕ್ರೊಮೋಲಾರ್ ಡಿಆಕ್ಸಿಸಿಟಿಡಿನ್ ಹಾಕಿದಾಗ ಪರಿಣಾಮ ಅಳಿದರೆ ಕೈನೇಸ್ ಅವಲಂಬನೆ ಇರುವ ಸಾಧ್ಯತೆ ಹೆಚ್ಚು. ಪ್ರತಿ ಪ್ಲೇಟಿನಲ್ಲೂ ಜೆಮ್‌ಸಿಟಬಿನ್ ಇರಲೇಬೇಕು; ಅದರ ಅಂಕಿ ಕದಲಿದ ದಿನ ಉಳಿದದ್ದನ್ನೂ ನಂಬಬೇಡಿ.

ಎಂಟಿಟಿಗೂ ಒಂದು ಮಿತಿ ಇದೆ. ವಿಭಜನೆ ನಿಂತ ಕೋಶ ಸಾಯದೆ ಊದಿಕೊಂಡು, ಬಣ್ಣವನ್ನು ಹೆಚ್ಚೇ ಕೊಡಬಹುದು. ಆಯ್ದ ಒಂದೆರಡು ಸಂಯುಕ್ತಗಳಿಗೆ ಕಾಲೊನಿ ಪರೀಕ್ಷೆ ಮಾಡಿ: ಆರು ವೆಲ್ ಪ್ಲೇಟಿನಲ್ಲಿ ವೆಲ್‌ಗೆ ಕೆಲವು ನೂರು ಕೋಶ, 10–14 ದಿನ, ಕ್ರಿಸ್ಟಲ್ ವಯೊಲೆಟ್ ಬಣ್ಣ, 50ಕ್ಕಿಂತ ಹೆಚ್ಚು ಕೋಶಗಳಿರುವ ಕಾಲೊನಿಗಳ ಎಣಿಕೆ. ಎಂಆರ್‌ಸಿ-5ರಂಥ ಸಹಜ ಶ್ವಾಸಕೋಶ ಕೋಶಗಳ ಮೇಲಿನ ಐಸಿ50ಯನ್ನೂ ಅದೇ 72 ಗಂಟೆಗೆ ತೆಗೆದು ಜೊತೆಗಿಡಿ. ಅವು ನಿಧಾನ ಬೆಳೆಯುವುದರಿಂದ ಸುರಕ್ಷತೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ಆರಂಭದ ಎಣಿಕೆಯನ್ನು ಕಳೆದು ಬೆಳವಣಿಗೆಯ ದರದ ಮೇಲೆ ಹೋಲಿಸಿ.